ನೆರೆಮನೆಯ ಕಥೆ, ನಮ್ಮ ಭಾಷೆ: ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಮತ್ತು ಥಾಣೆಯಾಚೆಯ ಕನ್ನಡ ಓದುಗರು

ಮುಂಬಯಿ ಕನ್ನಡ ಸಾಹಿತ್ಯವನ್ನು ಕುರಿತು ಈವರೆಗೆ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಲೇಖಕರನ್ನು ಕುರಿತದ್ದು. ಯಾರು ಎಂದು ಬಂದರು, ಎಲ್ಲಿ ನೌಕರಿ ಮಾಡಿದರು, ಯಾವ ಕೃತಿಯನ್ನು ರಚಿಸಿದರು ಎಂಬ ವಿವರಗಳು ನಮಗೆ ಸಾಕಷ್ಟು ದೊರೆಯುತ್ತವೆ. ಆ ಕೃತಿಗಳನ್ನು ಅಲ್ಲಿಯೇ ಇದ್ದು ಓದಿದವರು ಯಾರು, ಅವರಿಗೆ ಅವು ಹೇಗೆ ಕಂಡವು ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ವಿರಳ. ಪ್ರಸ್ತುತ ಲೇಖನದಲ್ಲಿ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಮುಂದಿಟ್ಟುಕೊಂಡು, ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಗಳ ಕನ್ನಡ ಓದುಗರಲ್ಲಿ ಅವುಗಳ ಬಗೆಗೆ ಇರುವ ಭಿನ್ನಾಭಿಪ್ರಾಯಗಳ ಹಿನ್ನೆಲೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ಈ ಅಭಿಪ್ರಾಯಗಳಲ್ಲಿ ಹೆಚ್ಚಿನವು ಅಚ್ಚಾದವಲ್ಲ. ಸಂಘಗಳ ಸಭೆಗಳಲ್ಲಿ, ಮನೆಗಳಲ್ಲಿ, ಪ್ರಯಾಣದಲ್ಲಿ ಕೇಳಿಬರುವಂಥವು. ಆದುದರಿಂದ ಯಾರ ಹೆಸರನ್ನೂ ಹೇಳದೆ ಅಭಿಪ್ರಾಯಗಳ ಸ್ವರೂಪವನ್ನಷ್ಟೇ ಇಲ್ಲಿ ನಿರೂಪಿಸಿದ್ದೇವೆ.

ಮೊದಲು ಸ್ಥಳದ ವಿಚಾರ. ಕರ್ನಾಟಕದ ಹೊರಗಿನ ಸಂಶೋಧಕರಿಗೆ ಕಲ್ಯಾಣವೆಂದೊಡನೆ ನೆನಪಾಗುವುದು ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ. ಇದು ಆ ಕಲ್ಯಾಣವಲ್ಲ. ಉಲ್ಹಾಸ ನದಿಯ ದಂಡೆಯ ಮೇಲಿರುವ ಈ ಕಲ್ಯಾಣ್ ಪ್ರಾಚೀನ ಬಂದರು; ಇಂದು ಮಧ್ಯ ರೈಲ್ವೆಯ ದೊಡ್ಡ ಜಂಕ್ಷನ್. ಥಾಣೆಯು ಉತ್ತರ ಕೊಂಕಣದ ಶಿಲಾಹಾರರ ‘ಸ್ಥಾನಕ’. ಆ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿದ್ದರು. ಥಾಣೆಯ ಪಶ್ಚಿಮಕ್ಕಿರುವ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಅಧಿರಾಜನೆಂದು ಬರುತ್ತದೆ. ‘ಕವಿರಾಜಮಾರ್ಗ’ವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ಅಮೋಘವರ್ಷ. ಡೊಂಬಿವಲಿಯಿಂದ ನಾಲ್ಕಾರು ನಿಲ್ದಾಣಗಳಾಚೆ ಅಂಬರನಾಥದಲ್ಲಿರುವ ಶಿವಾಲಯದ ಶಾಸನವು 1060ರದು. ಇವುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರದೇಶವು ಮೂಲತಃ ಕನ್ನಡದ್ದೆಂದು ಹೇಳಹೊರಡುವ ಉತ್ಸಾಹ ಆಗಾಗ ಕಾಣಿಸಿಕೊಳ್ಳುತ್ತದೆ. ಅಂತಹ ಉತ್ಸಾಹದಲ್ಲಿ ನಮಗೆ ಆಸಕ್ತಿಯಿಲ್ಲ. ಇಂದಿನ ಡೊಂಬಿವಲಿಯ ಕನ್ನಡಿಗನು ಅಮೋಘವರ್ಷನ ಜೊತೆಗೆ ಬಂದವನಲ್ಲ. ಬಾಡಿಗೆ ಕಡಿಮೆಯೆಂದು ಬಂದವನು.

ಈ ವಲಸೆಯ ಎರಡನೆಯ ಹಂತವನ್ನು ಗಮನಿಸದಿದ್ದರೆ ಮುಂದಿನ ಮಾತು ಅರ್ಥವಾಗದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮತ್ತು ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಮುಂಬಯಿಗೆ ಬಂದವರು ಆರಂಭದಲ್ಲಿ ಕೋಟೆ, ಗಿರಗಾಂವ್, ಪರೇಲ್, ಮಾಟುಂಗಾಗಳಲ್ಲಿ ನೆಲೆಸಿದರು. ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಪೀಳಿಗೆ ಅದು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ ಮತ್ತು ಕರ್ನಾಟಕ ಸಂಘಗಳ ಕಾರಣದಿಂದ ಮಾಟುಂಗಾ ಪರಿಸರವು ಕನ್ನಡದ ಸಾಂಸ್ಕೃತಿಕ ಕೇಂದ್ರವಾಯಿತು. ಸಂಸಾರ ಬೆಳೆದಂತೆ ಚಾಳಿನ ಒಂದು ಕೋಣೆ ಸಾಲದಾಯಿತು. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಗೊಂಡು ಖಾರಿಯ ಆಚೆಗೆ ಹೊಸ ನಗರ ಮೈದಳೆಯಿತು. ಥಾಣೆ–ಬೇಲಾಪುರ ರಸ್ತೆಯ ಎರಡೂ ಬದಿಗೆ ರಾಸಾಯನಿಕ ಕಾರ್ಖಾನೆಗಳು ಎದ್ದವು. 1982ರ ಜನವರಿಯಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದ ನಂತರ ಗಿರಣಗಾಂವ್ ಕರಗಿತು. ಹೀಗೆ ಬೇರೆಬೇರೆ ಕಾರಣಗಳಿಂದ ಕನ್ನಡದ ಮಧ್ಯಮವರ್ಗವು 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ಹಳಿಯ ಗುಂಟವೇ ಥಾಣೆಗೆ, ಥಾಣೆಯಿಂದ ಮುಂದಕ್ಕೆ ಸರಿಯಿತು. ಡೊಂಬಿವಲಿ, ಕಲ್ಯಾಣ್, ವಾಶಿಗಳಲ್ಲಿ ಕನ್ನಡ ಸಂಘಗಳು ಬೆಳೆದದ್ದು ಈ ಸರಿಯುವಿಕೆಯ ಫಲ. ದಿನವೂ ಹೋಗುವುದಕ್ಕೆ ಒಂದು ಗಂಟೆಗೂ ಮಿಕ್ಕಿ, ಬರುವುದಕ್ಕೆ ಅಷ್ಟೇ ಹೊತ್ತು ರೈಲಿನಲ್ಲಿ ಕಳೆಯುವ ಈ ಜನ ಓದುಗರಾದರು. ಕುಳಿತು ಓದುವ ಭಾಗ್ಯ ಕಲ್ಯಾಣದಲ್ಲಿ ಹತ್ತಿದವನಿಗೆ ಇದ್ದರೂ ಇರಬಹುದು. ಡೊಂಬಿವಲಿಯಲ್ಲಿ ಹತ್ತಿದವನು ನಿಂತೇ ಓದಬೇಕು. ಸಣ್ಣಕಥೆಯು ಈ ಓದುಗರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇವರು ಮೊದಲು ಓದಿದ ಮುಂಬಯಿ ಕಾದಂಬರಿಗಳು ಬೇರೆ ಬಗೆಯವು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂದಿತು. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ನೌಕರಿಯಲ್ಲಿ ಸಂಶಯಕ್ಕೆ ಗುರಿಯಾಗಿ, ತಾನೇ ಬೇಟೆಯ ಪ್ರಾಣಿಯಾಗಿದ್ದೇನೆಂದು ಅರಿಯುವ ನಾಗಪ್ಪನ ಕಥೆ ಅದು. ಮುಂಬಯಿಯ ಕಾರ್ಮಿಕ ಚಳವಳಿಯ ಹಿನ್ನೆಲೆಯುಳ್ಳ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಚಿತ್ತಾಲರಲ್ಲಿಯೂ ಬಲ್ಲಾಳರಲ್ಲಿಯೂ ಕಥೆಯ ಹೃದಯ ಊರಿನಿಂದ ಬಂದವನದು. ನಗರವು ಆತನನ್ನು ಪರೀಕ್ಷಿಸುತ್ತದೆ, ನಜ್ಜುಗುಜ್ಜು ಮಾಡುತ್ತದೆ. ಆತನ ಬೆನ್ನ ಹಿಂದೆ ಒಂದು ಹನೇಹಳ್ಳಿಯೋ ಉಡುಪಿಯೋ ಇದ್ದೇ ಇದೆ. ಓದುಗನು ಅಲ್ಲಿ ತನ್ನನ್ನು ಕಂಡುಕೊಳ್ಳುವುದು ಸುಲಭವಾಗಿತ್ತು.

ಗೋಕರ್ಣದಲ್ಲಿ 1955ರಲ್ಲಿ ಜನಿಸಿದ ಕಾಯ್ಕಿಣಿಯವರು ಜೀವರಸಾಯನ ವಿಜ್ಞಾನದ ಪದವೀಧರರಾಗಿ ಮುಂಬಯಿಗೆ ಬಂದು, ಎರಡು ದಶಕಗಳಿಗೂ ಮೀರಿ ಅಲ್ಲಿದ್ದು, ಅನಂತರ ಬೆಂಗಳೂರಿಗೆ ತೆರಳಿದವರು. ‘ದಗಡೂ ಪರಬನ ಅಶ್ವಮೇಧ’ (1989), ‘ಅಮೃತಬಳ್ಳಿ ಕಷಾಯ’ (1996), ‘ಬಣ್ಣದ ಕಾಲು’ (1999), ‘ತೂಫಾನ್ ಮೇಲ್’ (2005) ಮುಂತಾದ ಸಂಕಲನಗಳಲ್ಲಿ ಮುಂಬಯಿಯ ಕಥೆಗಳು ಹರಡಿಕೊಂಡಿವೆ. ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊತ್ತ ಕುದುರೆ ದಿಕ್ಕೆಟ್ಟು ಓಡುತ್ತದೆ. ಮುಚ್ಚಲಿರುವ ಚಿತ್ರಮಂದಿರದಲ್ಲಿ ಕಸಗುಡಿಸುವವನಿಗೆ ಯಾರೋ ಮರೆತುಹೋದ ಫ್ಲಾಸ್ಕ್ ಸಿಗುತ್ತದೆ. ಪೋಪಟ್ ಮತ್ತು ಅಸಾವರಿ ತಮ್ಮ ಲಗ್ನಪತ್ರಿಕೆಯ ಒಕ್ಕಣೆಯನ್ನು ಕುರಿತು ಯೋಚಿಸುತ್ತಾರೆ. ನಾಯಕರೆಂದು ಹೇಳಬಹುದಾದವರು ಇಲ್ಲಿ ಯಾರೂ ಇಲ್ಲ. ಒಂದು ಕಥೆಯಲ್ಲಿ ಅಂಚಿನಲ್ಲಿ ಸುಳಿದುಹೋದಂಥ ಮನುಷ್ಯ ಇನ್ನೊಂದರಲ್ಲಿ ನಡುಮನೆಗೆ ಬರುತ್ತಾನೆಂಬ ಭಾವನೆ ಓದುವಾಗ ಉಂಟಾಗುತ್ತದೆ. ಆದುದರಿಂದ, ಕಾಯ್ಕಿಣಿಯವರು ಕಥೆಗಾರರೆಂದೇ ಪ್ರಸಿದ್ಧರಾಗಿದ್ದರೂ, ಈ ಭಾಗದ ಅನೇಕ ಓದುಗರು ಮುಂಬಯಿ ಕಥೆಗಳನ್ನೆಲ್ಲ ಸೇರಿಸಿ ಒಂದು ಕಾದಂಬರಿಯೆಂಬಂತೆ ಮಾತನಾಡುತ್ತಾರೆ. ಇದನ್ನು ನಾವು ಓದುಗರ ಅಜಾಗರೂಕತೆಯೆಂದು ತಳ್ಳಿಹಾಕುವುದಿಲ್ಲ. ತೇಜಸ್ವಿನಿ ನಿರಂಜನ ಅವರು ಬೇರೆಬೇರೆ ಸಂಕಲನಗಳಿಂದ 16 ಕಥೆಗಳನ್ನು ಆಯ್ದು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ 2017ರಲ್ಲಿ ಇಂಗ್ಲಿಷಿಗೆ ತಂದಾಗ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ: ನಗರವನ್ನೇ ಸೂತ್ರವಾಗಿಸಿ ಬಿಡಿ ಬದುಕುಗಳನ್ನು ಪೋಣಿಸುವುದು. ಈ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಪ್ರಶಸ್ತಿ ಸಂದಿತು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಇನ್ನು ಅಭಿಪ್ರಾಯಗಳು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಆಕ್ಷೇಪವೆಂದರೆ ಈ ಕಥೆಗಳು ಅತಿಯಾಗಿ ಆರ್ದ್ರವಾಗಿವೆ ಎಂಬುದು. ಬಡತನವಿದೆ, ಅನಾಥತ್ವವಿದೆ, ಆದರೆ ಕಥೆ ಮುಗಿಯುವ ವೇಳೆಗೆ ಯಾರೋ ಒಬ್ಬರು ಕೈ ಚಾಚುತ್ತಾರೆ; ಆ ಚಾಚಿದ ಕೈಯ ಬೆಳಕಿನಲ್ಲಿ ಉಳಿದ ಕತ್ತಲೆ ಮರೆಯಾಗುತ್ತದೆ ಎಂದು ಇವರ ವಾದ. ಈ ಆಕ್ಷೇಪಕ್ಕೆ ಒಂದು ಚರಿತ್ರೆಯಿದೆ. ಕಾಯ್ಕಿಣಿಯವರು ಕಥೆಗಾರರಾಗಿ ಕಾಣಿಸಿಕೊಂಡ ಕಾಲದಲ್ಲಿ ನವ್ಯದ ಮಾನದಂಡಗಳು ಇನ್ನೂ ಅಳಿದಿರಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯೂ ರೂಪುಗೊಂಡಿತ್ತು. ನವ್ಯಕ್ಕೆ ಬೇಕಾದ ಅಂತರಂಗದ ಬಿಕ್ಕಟ್ಟಾಗಲಿ ಬಂಡಾಯಕ್ಕೆ ಬೇಕಾದ ಸಿಟ್ಟಾಗಲಿ ಈ ಕಥೆಗಳಲ್ಲಿ ನಿರೀಕ್ಷಿತ ಪ್ರಮಾಣದಲ್ಲಿ ಇರಲಿಲ್ಲ. ಎರಡೂ ಶಾಲೆಗಳಲ್ಲಿ ತರಬೇತಾದ ಓದುಗನಿಗೆ ವಾತ್ಸಲ್ಯವೆಂಬುದು ಅನುಮಾನಾಸ್ಪದ ವಸ್ತು. 2006ರ ‘ಮುಂಗಾರು ಮಳೆ’ಯ ನಂತರ ಅವರ ಚಿತ್ರಗೀತೆಗಳು ಮನೆಮಾತಾದಾಗ ಈ ಅನುಮಾನವು ಹಿಮ್ಮುಖವಾಗಿಯೂ ಕೆಲಸಮಾಡಿತು: ಹಾಡಿನ ಮಾಧುರ್ಯವನ್ನು ಕೇಳಿದವರು ಅದನ್ನು ಹಳೆಯ ಕಥೆಗಳಲ್ಲಿಯೂ ಹುಡುಕಿ ಕಂಡುಕೊಂಡರು. ಇದು ನ್ಯಾಯವಾದ ಓದೆಂದು ನಮಗೆ ತೋರುವುದಿಲ್ಲ. ದಗಡೂ ಪರಬನನ್ನು ಹೊತ್ತು ಓಡಿದ ಕುದುರೆಯಲ್ಲಿ ಮಾಧುರ್ಯಕ್ಕಿಂತ ಭೀತಿಯೇ ಹೆಚ್ಚು.

ಹಿರಿಯರ ಆಕ್ಷೇಪ ಇದಕ್ಕಿಂತ ಗಂಭೀರವಾದುದು. 1966ರಲ್ಲಿ ಶಿವಸೇನೆ ಸ್ಥಾಪನೆಗೊಂಡ ಬಳಿಕದ ವರ್ಷಗಳಲ್ಲಿ ‘ಲುಂಗಿ ಹಟಾವೊ’ ಘೋಷಣೆ ಮೊಳಗಿದ್ದು, ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದದ್ದು ಅವರ ನೆನಪಿನಲ್ಲಿದೆ. ಬೆಳಗಾವಿಯ ಗಡಿತಂಟೆ ಕಾವೇರಿದಾಗಲೆಲ್ಲ ಅಂಗಡಿಯ ಕನ್ನಡ ಫಲಕದ ಬಗ್ಗೆ ಎರಡು ಸಲ ಯೋಚಿಸಿದವರು ಅವರು. 1992–93ರ ಗಲಭೆಗಳನ್ನು ಕಂಡವರು. ನೆರೆಯವನು ಕೈ ಚಾಚುತ್ತಾನೆಂಬುದು ನಿಜ, ಆದರೆ ಅದೇ ಕೈ ಒಮ್ಮೊಮ್ಮೆ ಕಲ್ಲನ್ನೂ ಎತ್ತಿದೆಯಲ್ಲ, ಅದೆಲ್ಲಿ ಎಂದು ಅವರು ಕೇಳುತ್ತಾರೆ. ಕಥೆಗಾರನು ಚರಿತ್ರಕಾರನಲ್ಲ ಎಂಬ ಸಿದ್ಧ ಉತ್ತರದಿಂದ ಈ ಪ್ರಶ್ನೆಯನ್ನು ಮುಗಿಸಲಾಗದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನದ ಮೇಲೆ ಕಾಯ್ಕಿಣಿಯವರು ಬರೆದ, ಇಂಗ್ಲಿಷಿನಲ್ಲಿ ‘ವಾಟರ್’ ಎಂಬ ಹೆಸರಿನಲ್ಲಿರುವ ಕಥೆಯ ಬಗೆಗೂ ಇಂತಹದೇ ಒಡಕು. ನೆರೆನೀರಿನಲ್ಲಿ ನಿಂತುಹೋದ ಟ್ಯಾಕ್ಸಿಯಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಒದಗುವುದನ್ನು ಮೆಚ್ಚಿದವರು ಮೆಚ್ಚಿದ್ದಾರೆ. ಅಂದು ಉಲ್ಹಾಸ ನದಿ ಉಕ್ಕಿ ಕಲ್ಯಾಣ್, ಬದಲಾಪುರಗಳ ತಗ್ಗಿನ ಮನೆಗಳನ್ನು ನುಂಗಿತ್ತು. ಆ ದಿನ ಮನೆಯ ಧಾನ್ಯ, ಮಕ್ಕಳ ಪ್ರಮಾಣಪತ್ರ, ಟ್ರಂಕಿನಲ್ಲಿದ್ದ ಕನ್ನಡ ಪುಸ್ತಕ ಎಲ್ಲವನ್ನೂ ಕಳೆದುಕೊಂಡವರಿಗೆ ಆ ಮೆಚ್ಚುಗೆಯಲ್ಲಿ ಪಾಲುಗೊಳ್ಳುವುದು ಕಷ್ಟ.

ಇಲ್ಲಿ ಮರಾಠಿಯ ನೆನಪಾಗುವುದು ಸಹಜ. ಈ ಓದುಗರಲ್ಲಿ ಹಲವರು ಎರಡೂ ಭಾಷೆಗಳಲ್ಲಿ ಓದುವವರು. ಪು. ಲ. ದೇಶಪಾಂಡೆಯವರ ‘ಬಟಾಟ್ಯಾಚೀ ಚಾಳ’ 1958ರದು. ಒಂದು ಚಾಳಿನ ಬಿಡಾರಗಳೆಲ್ಲ ಅಲ್ಲಿ ಒಂದರೊಳಗೊಂದು ಹೆಣೆದುಕೊಂಡು ನಗುತ್ತವೆ. ಕೆಲವೇ ವರ್ಷಗಳಲ್ಲಿ ಜಯವಂತ ದಳವಿಯವರ ‘ಚಕ್ರ’ವೂ ಭಾವೂ ಪಾಧ್ಯೆಯವರ ‘ವಾಸೂನಾಕಾ’ವೂ ಬಂದು ಅದೇ ನಗರದ ಹೊಲಸನ್ನು ಮುಲಾಜಿಲ್ಲದೆ ತೋರಿಸಿದವು; 1972ರಲ್ಲಿ ನಾಮದೇವ ಢಸಾಳರ ‘ಗೋಲಪೀಠಾ’ ಬಂದ ಮೇಲೆ ಚಾಳಿನ ನಗೆಯು ಒಂದು ವರ್ಗದ ನಗೆಯೆಂಬುದು ಮರಾಠಿ ಓದುಗನಿಗೆ ಮನವರಿಕೆಯಾಯಿತು. ಕನ್ನಡದಲ್ಲಿ ಮುಂಬಯಿಯ ತಳದ ಬದುಕನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬರೆದ ಸಮಾನವಾದ ಪರಂಪರೆ ಬೆಳೆಯಲಿಲ್ಲ. ಹೀಗಾಗಿ ಕಾಯ್ಕಿಣಿಯವರ ಕಥೆಗಳ ಮೇಲೆ ಎರಡು ಬಗೆಯ ಹೊರೆ ಬಿದ್ದಿದೆ, ಪು. ಲ. ಅವರ ಕೆಲಸವನ್ನೂ ಢಸಾಳರ ಕೆಲಸವನ್ನೂ ಅವೇ ಮಾಡಬೇಕೆಂದು ಓದುಗರು ಬಯಸುತ್ತಾರೆ.

ಮೆಚ್ಚುವವರ ಮಾತನ್ನೂ ಕೇಳಬೇಕು. ಅವರು ಹೆಚ್ಚಾಗಿ ಮಹಿಳೆಯರು ಎಂಬುದು ನಮ್ಮ ಗಮನಕ್ಕೆ ಬಂದ ಸಂಗತಿ. ಇವರ ಮೆಚ್ಚುಗೆಯು ಭಾವುಕವಾದುದಲ್ಲ, ಲೆಕ್ಕಾಚಾರದ್ದು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ತಾನು ಲೋಕಲ್ಲಿನಲ್ಲಿರುವಾಗ ತನ್ನ ಬಿಂದಿಗೆಯನ್ನು ತುಂಬಿಸಿಟ್ಟವರು ಯಾರು, ಮನೆಯ ಬೀಗದ ಕೈ ಯಾರ ಬಳಿ ಇರುತ್ತಿತ್ತು, ಮಗುವಿಗೆ ಜ್ವರ ಬಂದಾಗ ಡಾಕ್ಟರರ ಬಳಿಗೆ ಒಯ್ದವರು ಯಾರು ಎಂದು ಇವರು ಎಣಿಸಿ ಹೇಳುತ್ತಾರೆ. ಗಂಡಹೆಂಡಿರಿಬ್ಬರೂ ದುಡಿಯಲು ಹೋಗಿ ರಾತ್ರಿ ಎಂಟಕ್ಕೆ ಮರಳುವ ಸಂಸಾರವು ನೆರೆಯವರ ಒಳ್ಳೆಯತನವಿಲ್ಲದೆ ಒಂದು ವಾರವೂ ನಡೆಯಲಾರದು. ಊರಿನಲ್ಲಿ ಕುಳಿತ ವಿಮರ್ಶಕನಿಗೆ ಸಿಹಿಯಾಗಿ ಕಂಡದ್ದು ಇವರಿಗೆ ದಿನಸಿಯಷ್ಟೇ ಅವಶ್ಯಕವಾದ ವಸ್ತು. ನಮ್ಮ ಅಭಿಪ್ರಾಯದಲ್ಲಿ ಆರ್ದ್ರತೆಯ ಪ್ರಶ್ನೆಯಲ್ಲಿ ಇವರ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಸಲ್ಲಬೇಕು. ಕಲ್ಲು ಎತ್ತಿದ ಕೈಯನ್ನು ನೆನೆಯುವ ಹಿರಿಯರ ಪ್ರಶ್ನೆಗೆ ಮಾತ್ರ ಇದರಿಂದ ಉತ್ತರ ದೊರೆತಂತಾಗದು.

ಆದರೆ ಈ ಎಲ್ಲ ವಾದಗಳ ಅಡಿಯಲ್ಲಿ ಇನ್ನೊಂದು ಅಸಮಾಧಾನವಿದೆ. ಅದು ಸಾಮಾನ್ಯವಾಗಿ ಕೊನೆಯಲ್ಲಿ, ತುಸು ಸಂಕೋಚದಿಂದ ಹೊರಬೀಳುತ್ತದೆ: ಇದರಲ್ಲಿ ನಾವೆಲ್ಲಿದ್ದೇವೆ? ದಗಡೂ ಪರಬ, ಪೋಪಟ್, ಅಸಾವರಿ, ಮೊಗ್ರಿ, ಇಂದ್ರನೀಲ. ಈ ಹೆಸರುಗಳಲ್ಲಿ ಕನ್ನಡದ ಮನೆತನದ್ದು ಯಾವುದೂ ಅಲ್ಲ. ‘ಶಿಕಾರಿ’ಯ ನಾಗಪ್ಪನಿಗೆ ಊರೊಂದಿತ್ತು, ಆ ಊರು ಓದುಗನ ಊರಿನ ಪಕ್ಕದಲ್ಲಿತ್ತು. ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಎದ್ದು ಕಾಣುವವರು ಬಹುತೇಕ ಕನ್ನಡವನ್ನು ಆಡದವರು. ಅವರು ಮರಾಠಿಯಲ್ಲೋ ಮುಂಬಯಿ ಹಿಂದಿಯಲ್ಲೋ ಆಡಿರಬಹುದಾದ ಮಾತನ್ನು ಲೇಖಕರು ಕನ್ನಡದಲ್ಲಿ ಕೇಳಿಸಿದ್ದಾರೆ. ತನ್ನ ಭಾಷೆಯ ಪುಸ್ತಕವನ್ನು ತೆರೆದ ಡೊಂಬಿವಲಿಯ ಓದುಗನಿಗೆ ಅಲ್ಲಿ ತನ್ನ ಮನೆ ಕಾಣಲಿಲ್ಲ, ಎದುರುಮನೆ ಕಂಡಿತು. ಮುಂಬಯಿ ಕನ್ನಡ ಕಥನದ ಚರಿತ್ರೆಯಲ್ಲಿ ಇದೊಂದು ತಿರುವು. ಅದುವರೆಗೆ ಆ ಕಥನವು ಮುಂಬಯಿಯಲ್ಲಿರುವ ನಮ್ಮವರ ಕಥೆಯಾಗಿತ್ತು. ಇಲ್ಲಿ ಮುಂಬಯಿಯ ಜನರ ಕಥೆಯು ಕನ್ನಡದ ಕಥೆಯಾಯಿತು. ಭಿನ್ನಾಭಿಪ್ರಾಯದ ನಿಜವಾದ ಮೂಲ ಇದು ಎಂಬುದು ನಮ್ಮ ನಿಲುವು. ಸಿಹಿ ಹೆಚ್ಚಾಯಿತೆಂಬುದು ಅನೇಕ ವೇಳೆ ಹೇಳಲು ಸುಲಭವಾದ ಆಕ್ಷೇಪ ಮಾತ್ರ.

ನಡುಗನ್ನಡ ಸಾಹಿತ್ಯದಲ್ಲಿ ಕೆಲಸ ಮಾಡಿದ ನಮಗೆ ಇದು ಅಪರಿಚಿತ ಸನ್ನಿವೇಶವಲ್ಲ. ಹರಿಹರನು ಚಂಪುವಿನ ಹಾದಿಯನ್ನು ಬಿಟ್ಟು ರಗಳೆಯನ್ನು ಕೈಗೆತ್ತಿಕೊಂಡಾಗ, ಬಸವಣ್ಣ, ಮಹಾದೇವಿಯಕ್ಕರ ಜೊತೆಗೆ ಯಾರ ಚರಿತ್ರೆಯನ್ನು ಹಾಡಿದ? ತಮಿಳುನಾಡಿನ ಪುರಾತನರದು. ಬೇಡನಾದ ಕಣ್ಣಪ್ಪ, ಕುಂಬಾರನಾದ ತಿರುನೀಲಕಂಠ, ಬಡ ಒಕ್ಕಲಿಗನಾದ ಇಳೆಯಾಂಡಗುಡಿಮಾರ. ಬಿತ್ತಿದ ಕಾಳನ್ನೇ ಮಳೆಯಲ್ಲಿ ಆಯ್ದುತಂದು ಅತಿಥಿಗೆ ಉಣಬಡಿಸಿದವನೆಂದು ಪರಂಪರೆಯು ಈ ಮಾರನನ್ನು ಕೊಂಡಾಡುತ್ತದೆ. ನೆರೆನಾಡಿನ, ನೆರೆಭಾಷೆಯ, ಸಾಮಾನ್ಯ ಕಸುಬಿನ ಮನುಷ್ಯರು ಹೀಗೆ ಕನ್ನಡದ ಮನೆಗೆ ಬಂದು ಕುಳಿತರು. ಇಂದು ಅವರನ್ನು ಹೊರಗಿನವರೆಂದು ಯಾರೂ ಭಾವಿಸುವುದಿಲ್ಲ. ಹರಿಹರನ ಮೇಲೂ ಭಾವದ ಅತಿರೇಕದ ಆರೋಪವಿದೆ ಎಂಬುದು ಸ್ವಾರಸ್ಯಕರ. ಹರಿಶ್ಚಂದ್ರನ ಕಾವ್ಯವನ್ನು ಬರೆದುದಕ್ಕಾಗಿ, ಅದು ನರಸ್ತುತಿಯೆಂದು ಕೆರಳಿ, ಸೋದರಳಿಯ ರಾಘವಾಂಕನ ಹಲ್ಲು ಉದುರುವಂತೆ ಆತನು ಹೊಡೆದನೆಂಬ ಐತಿಹ್ಯವೂ ಇದೆ. ಯಾರ ಬದುಕು ಕಾವ್ಯಕ್ಕೆ ಅರ್ಹ ಎಂಬುದರ ಮೇಲೆ ಕನ್ನಡದಲ್ಲಿ ಹಲ್ಲು ಮುರಿಯುವಷ್ಟು ಜಗಳ ಹಿಂದೆಯೇ ನಡೆದಿದೆ. ಈಗಿನದು ಅದಕ್ಕೆ ಹೋಲಿಸಿದರೆ ಸೌಮ್ಯ. ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಹರಿಹರನಲ್ಲಿ ಚದುರಿದ ಬದುಕುಗಳನ್ನು ಹೆಣೆಯಲು ಶಿವನಿದ್ದಾನೆ; ‘ವಡ್ಡಾರಾಧನೆ’ಯಲ್ಲಿ, ಜನ್ನನ ‘ಯಶೋಧರ ಚರಿತೆ’ಯಲ್ಲಿ ಕರ್ಮವಿದೆ. ಕಾಯ್ಕಿಣಿಯವರ ಪಾತ್ರಗಳನ್ನು ಒಂದೆಡೆಗೆ ತರುವುದು ಚಹದಂಗಡಿ, ಆಸ್ಪತ್ರೆಯ ವರಾಂಡ, ತಡವಾಗಿ ಬಂದ ರೈಲು. ಇಷ್ಟು ದುರ್ಬಲವಾದ ಎಳೆಯಿಂದ ಹೆಣೆದುದಕ್ಕೆ ಪ್ರೀತಿಯ ಅಂಟು ತುಸು ಹೆಚ್ಚಾಗಿ ಬೇಕಾಗುತ್ತದೆ ಎಂದು ನಮಗೆ ತೋರುತ್ತದೆ.

ತಮ್ಮ ಮನೆ ಕಾಣಲಿಲ್ಲವೆಂಬ ಓದುಗರ ದೂರನ್ನು ಈ ಹೋಲಿಕೆಯು ಅಲ್ಲಗಳೆಯುವುದಿಲ್ಲ. ತಮಿಳು ಪುರಾತನರ ಚರಿತ್ರೆಯನ್ನು ಕೇಳಿದ ಹಂಪೆಯ ಕನ್ನಡಿಗನಿಗೆ ತನ್ನ ಭಾಷೆಯ ಅಳಿವುಉಳಿವಿನ ಚಿಂತೆಯಿರಲಿಲ್ಲ. ಕಲ್ಯಾಣದ ಓದುಗನಿಗೆ ಅದಿದೆ. ಮುಂಬಯಿ ಮತ್ತು ಥಾಣೆಯ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಬರಿದಾಗುತ್ತ ಬಂದಿವೆ. ಮೂರನೆಯ ತಲೆಮಾರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕನ್ನಡವನ್ನೋ ಆಡುತ್ತದೆ. ಬರೆಹದ ಕನ್ನಡವು ಅದರ ಪಾಲಿಗೆ ಅಜ್ಜನ ಪತ್ರಿಕೆಯ ಅಕ್ಷರ. ತನ್ನ ಮನೆಯ ಕಥೆಯನ್ನು ಕನ್ನಡದಲ್ಲಿ ಓದಬಲ್ಲ ಕೊನೆಯ ಪೀಳಿಗೆ ತನ್ನದೇ ಇರಬಹುದೆಂದು ಬಲ್ಲವನು, ಆ ಕಥೆಯನ್ನು ಯಾರಾದರೂ ಬೇಗ ಬರೆಯಲೆಂದು ಅವಸರಪಡುತ್ತಾನೆ. ಈ ಅವಸರವನ್ನು ಸಂಕುಚಿತ ಬುದ್ಧಿಯೆಂದು ಕರೆಯುವುದು ಅನ್ಯಾಯ.

ಮೊಮ್ಮಕ್ಕಳಾದರೋ ಈ ಪುಸ್ತಕವನ್ನು ಓದುತ್ತಿದ್ದಾರೆ, ಇಂಗ್ಲಿಷಿನಲ್ಲಿ. ನೆರೂಲಿನಲ್ಲಿ, ಐರೋಲಿಯಲ್ಲಿ ಬೆಳೆದ ಈ ಓದುಗರಿಗೆ ಅಲ್ಲಿ ಕನ್ನಡಿಗರಿಲ್ಲವೆಂಬುದು ಕೊರತೆಯಾಗಿ ಕಾಣುವುದಿಲ್ಲ. ಪೋಪಟನೂ ಅಸಾವರಿಯೂ ಅವರ ತರಗತಿಯವರು, ಅವರ ಇಮಾರತಿನವರು. ಮೂಲವು ಕನ್ನಡವೆಂದು ಮುಖಪುಟದಿಂದ ತಿಳಿದು, ಆ ಮೂಲವನ್ನು ಓದಿಕೊಡೆಂದು ಅಜ್ಜಿಯನ್ನು ಕೇಳಿದವರುಂಟು. ಓದಿಕೊಟ್ಟ ಅಜ್ಜಿಯರಲ್ಲಿ ಕೆಲವರು ಆ ಕಥೆಗಳನ್ನು ಹಿಂದೆ ಓದಿ ಒಪ್ಪದೆ ಬದಿಗಿಟ್ಟವರು. ಎರಡನೆಯ ಸಲ ಗಟ್ಟಿಯಾಗಿ ಓದುವಾಗ ಅವರ ಅಭಿಪ್ರಾಯ ಬದಲಾಯಿತೇ ಎಂದು ನಾವು ವಿಚಾರಿಸಿದ್ದೇವೆ. ಉತ್ತರಗಳು ಇಲ್ಲಿಯೂ ಒಂದೇ ಬಗೆಯವಲ್ಲ. ಸಿಹಿ ಹೆಚ್ಚೆಂಬ ಮಾತನ್ನು ಬಿಟ್ಟುಕೊಡದವರಿದ್ದಾರೆ. ಡೊಂಬಿವಲಿಯ ಕನ್ನಡ ಮನೆಯ ಕಾದಂಬರಿ ಇನ್ನೂ ಬರಬೇಕಾಗಿದೆ, ಮಿತ್ರಾ ವೆಂಕಟ್ರಾಜ್ ಅವರಂತಹ ಮುಂಬಯಿಯ ಲೇಖಕಿಯರಿಂದಲೇ ಅದು ಬಂದೀತು ಎನ್ನುವವರಿದ್ದಾರೆ. ಎದುರುಮನೆಯ ಮರಾಠಿ ಗೆಳತಿಗೂ ಕಥೆಯನ್ನು ಬಾಯಲ್ಲೇ ಅನುವಾದಿಸಿ ಹೇಳಿದೆ, ಇದು ನಮ್ಮ ಓಣಿಯದೇ ಎಂದು ಅವಳು ಅಂದಳು ಎಂದು ತಿಳಿಸಿದವರೂ ಇದ್ದಾರೆ.